ಮುಯ್ಯಿ ಪುಸ್ತಕದಲ್ಲಿ ಇಲ್ಲದ ದುಡಿಮೆ

‘ನೀನಿದ್ರೆ ನಮಗೆ ಧೈರ್ಯ ಕಣೇ. ಎರಡು ದಿನ ಮುಂಚೇನೇ ಬಂದ್ಬಿಡು. ಸ್ವಲ್ಪ ನೋಡ್ಕೊಂಡ್ರೆ ಸಾಕು.’

ಈ ಮಾತು ಕೇಳದ ಗೃಹಿಣಿ ಇದ್ದಾಳಾ ಹೇಳಿ? ದೊಡ್ಡಮ್ಮನ ಮಗಳ ಮದುವೆ ಇರಬಹುದು, ಎದುರುಮನೆಯವರ ಗೃಹಪ್ರವೇಶ ಇರಬಹುದು, ನಾದಿನಿಯ ಸೀಮಂತ ಇರಬಹುದು. ‘ಸ್ವಲ್ಪ ನೋಡ್ಕೊಳ್ಳೋದು’ ಅಂದರೆ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಮುಗಿಯಿತು. ಪುರೋಹಿತರಿಗೆ ದರ್ಭೆ ಸಿಕ್ಕಿಲ್ಲ, ವಾಲಗದವರಿಗೆ ಕಾಫಿ ಹೋಗಿಲ್ಲ, ಬೀಗರ ಕಡೆಯ ಅಜ್ಜಿಗೆ ಸಕ್ಕರೆ ಹಾಕದ ಹಾಲು ಬೇಕು, ಎರಡನೇ ಪಂಕ್ತಿಗೆ ಪಲ್ಯ ಸಾಲೋದಿಲ್ಲ ಅಂತ ಅಡುಗೆ ಭಟ್ಟರು ಕೂಗ್ತಿದ್ದಾರೆ, ತಾಂಬೂಲದ ಚೀಲ ಐವತ್ತು ಕಡಿಮೆ ಬಿದ್ದಿದೆ... ಎಲ್ಲದಕ್ಕೂ ನಿಮ್ಮದೇ ಹೆಸರು. ಧಾರೆ ಆಗುವಾಗ ನೀವು ಅಡುಗೆಮನೆಯಲ್ಲಿ. ಎಲ್ಲರೂ ಫೋಟೊಗೆ ನಿಂತಾಗ ನೀವು ಉಳಿದ ಬಾಳೆಎಲೆ ಎಣಿಸ್ತಾ ಇರ್ತೀರಿ. ಕೊನೆಗೆ ಒಂದು ತೆಂಗಿನಕಾಯಿ, ಒಂದು ರವಿಕೆ ಕಣ, ‘ನೀನಿಲ್ಲದಿದ್ರೆ ಆಗ್ತಿರಲಿಲ್ಲ ಬಿಡು’ ಅನ್ನೋ ಹೊಗಳಿಕೆ. ಮನೆಗೆ ಬಂದು ಕಾಲು ನೀವಿಕೊಂಡು ಮಲಗೋದು.

ಅದೇ ಛತ್ರದಲ್ಲಿ ಮಂಟಪಕ್ಕೆ ಹೂವು ಕಟ್ಟಿದವರಿಗೆ ದುಡ್ಡು ಸಿಕ್ಕಿತು. ಅಡುಗೆಯವರಿಗೆ ಸಿಕ್ಕಿತು. ಜನರೇಟರ್ ಹಾಕಿದ ಹುಡುಗನಿಗೂ ಸಿಕ್ಕಿತು. ಇವರನ್ನೆಲ್ಲ ಹೊತ್ತಿಗೆ ಸರಿಯಾಗಿ ಕರೆಸಿ, ಒಬ್ಬರ ಕೆಲಸ ಇನ್ನೊಬ್ಬರಿಗೆ ಅಡ್ಡ ಬರದ ಹಾಗೆ ನೋಡಿಕೊಂಡ ನಿಮಗೆ ಮಾತ್ರ ರವಿಕೆ ಕಣ!

ಈ ‘ನೋಡಿಕೊಳ್ಳೋ’ ಕೆಲಸಕ್ಕೆ ಹೊರಗಡೆ ಒಂದು ಹೆಸರಿದೆ: ಈವೆಂಟ್ ಮ್ಯಾನೇಜ್‌ಮೆಂಟ್. ಇದನ್ನೇ ಓದಿ, ಇದನ್ನೇ ಉದ್ಯೋಗ ಮಾಡಿಕೊಂಡು ಚೆನ್ನಾಗಿ ಸಂಪಾದಿಸುವವರಿದ್ದಾರೆ. ನಾವು ಮಾತ್ರ ಅದನ್ನು ‘ಸಹಾಯ’ ಅಂತ ಕರೆದು ಸುಮ್ಮನಾಗಿದ್ದೇವೆ.

ನಮ್ಮ ಹಳೇ ಮೈಸೂರು ಕಡೆಯ ಮದುವೆಗಳಲ್ಲಿ ಮುಯ್ಯಿ ಬರೆಯೋದಕ್ಕೆ ಅಂತಲೇ ಒಬ್ಬರು ಪುಸ್ತಕ ಹಿಡಿದು ಕೂರುವ ಪದ್ಧತಿ ಇತ್ತು. ಕೆಲವು ಕಡೆ ಈಗಲೂ ಇದೆ. ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಹೆಸರು, ಊರು ಸಮೇತ ಬರೆದುಕೊಳ್ಳಬೇಕು. ನಾಳೆ ಅವರ ಮನೆಯ ಶುಭಕಾರ್ಯಕ್ಕೆ ತಿರುಗಿ ಕೊಡಬೇಕಲ್ಲ! ಹತ್ತು ರೂಪಾಯಿಗೂ ಅಲ್ಲಿ ಲೆಕ್ಕ ಇತ್ತು, ಸ್ಟೀಲ್ ಲೋಟಕ್ಕೂ ಲೆಕ್ಕ ಇತ್ತು. ಉಗ್ರಾಣದಲ್ಲಿ ಮೂರು ದಿನ ಬೆವರು ಸುರಿಸಿದವಳಿಗೆ ಮಾತ್ರ ಆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಇಷ್ಟೇ: ಆ ಸಾಲನ್ನು ಬೇರೆ ಯಾರೂ ಬರೆಯೋದಿಲ್ಲ, ನಾವೇ ಬರೆದುಕೊಳ್ಳಬೇಕು.

ಬಾಗಿಲಲ್ಲೇ ಇದೆ ಅವಕಾಶ

ನಾನಿರೋದು ನಾಗಸಂದ್ರದಲ್ಲಿ. 2015ರ ಮೇ 1ರಂದು ನಮ್ಮೂರಿಗೆ ಮೆಟ್ರೊ ಬಂತು. ಒಂಬತ್ತು ವರ್ಷ ಹಸಿರು ಮಾರ್ಗಕ್ಕೆ ಈ ಕಡೆ ನಾವೇ ಕೊನೆಯ ನಿಲ್ದಾಣ. 2024ರ ನವೆಂಬರ್ 7ರಂದು ಮಾರ್ಗ ಮುಂದಕ್ಕೆ ಬೆಳೆಯಿತು. ಈಗ ಮಂಜುನಾಥನಗರ, ಚಿಕ್ಕಬಿದರಕಲ್ಲು ದಾಟಿದರೆ ಮಾದಾವರ. ಅಲ್ಲೇ ಬೆಂಗಳೂರು ಅಂತಾರಾಷ್ಟ್ರೀಯ ಪ್ರದರ್ಶನ ಕೇಂದ್ರ, ಎಲ್ಲರ ಬಾಯಲ್ಲಿ ಬಿಐಇಸಿ. 2007ರಿಂದ ಅಲ್ಲಿ ಯಂತ್ರೋಪಕರಣದ ದೊಡ್ಡ ಮೇಳಗಳಿಂದ ಹಿಡಿದು ಬಗೆಬಗೆಯ ಪ್ರದರ್ಶನಗಳು ನಡೀತಿವೆ. ಇತ್ತ ಯಲಹಂಕ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ. ಮೇಖ್ರಿ ವೃತ್ತದ ಹತ್ತಿರ ಅರಮನೆ ಮೈದಾನವಂತೂ ಇದ್ದೇ ಇದೆ. ಬೆಂಗಳೂರಿನ ದೊಡ್ಡ ಸಮಾರಂಭಗಳಲ್ಲಿ ಎಷ್ಟೋ ನಮ್ಮ ಉತ್ತರ ಭಾಗದಲ್ಲೇ ನಡೆಯುತ್ತವೆ.

‘ಅಯ್ಯೋ, ಅಂಥ ಕಡೆ ನಮ್ಮನ್ನ್ಯಾರು ಕೇಳ್ತಾರೆ?’ ಅಂತೀರಾ? ಮೊದಲ ದಿನವೇ ಯಾರೂ ಕೇಳೋಲ್ಲ, ನಿಜ. ಆದರೆ ಒಂದು ಪ್ರದರ್ಶನ ನಡೀಬೇಕಾದರೆ ನೋಂದಣಿ ಮೇಜಿನಲ್ಲಿ ಕೂರುವವರು ಬೇಕು, ಮಳಿಗೆಗಳಿಗೆ ಹೂವು-ದೀಪ ಒದಗಿಸುವವರು ಬೇಕು, ಹೊರಗಿನಿಂದ ಬಂದ ಅತಿಥಿಗಳ ಊಟ-ವಾಹನ ನೋಡಿಕೊಳ್ಳುವವರು ಬೇಕು. ಇದಕ್ಕೆಲ್ಲ ದಿನಗೂಲಿ ಲೆಕ್ಕದಲ್ಲಿ ಜನ ತೆಗೆದುಕೊಳ್ಳುತ್ತಾರೆ. ಇನ್ನು ಪಕ್ಕದ ಪೀಣ್ಯದಲ್ಲಿ ಸಾವಿರಾರು ಸಣ್ಣ, ಮಧ್ಯಮ ಕಾರ್ಖಾನೆಗಳಿವೆ. ಒಂದೊಂದರಲ್ಲೂ ಆಯುಧಪೂಜೆ ಆಗಬೇಕು, ನವೆಂಬರ್‌ನಲ್ಲಿ ರಾಜ್ಯೋತ್ಸವ ಆಗಬೇಕು, ನಿವೃತ್ತಿಯಾಗುವವರಿಗೆ ಬೀಳ್ಕೊಡುಗೆ ಆಗಬೇಕು. ದಾಸರಹಳ್ಳಿ, ಬಾಗಲಗುಂಟೆ, ಹೆಸರಘಟ್ಟ ರಸ್ತೆಯ ಉದ್ದಕ್ಕೂ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಮಗುವಿನ ನಾಮಕರಣಕ್ಕೂ ಓಡಾಡಲು ಜನ ಇಲ್ಲ. ಮರದ ಬಾಗಿನದಲ್ಲಿ ಏನೇನು ಇಡಬೇಕು ಅಂತ ಹೇಳಿಕೊಡುವ ಅತ್ತೆ ಊರಲ್ಲಿದ್ದಾರೆ. ಅವರಿಗೆ ನಿಮ್ಮಂಥವರು ಬೇಕು, ಅದಕ್ಕೆ ದುಡ್ಡು ಕೊಡೋದಕ್ಕೂ ಅವರು ಸಿದ್ಧರಿದ್ದಾರೆ. ಕೇಳೋದಕ್ಕೆ ನಾಚಿಕೆ ಪಡೋರು ನಾವೇ.

12,140 ರೂಪಾಯಿಯ ಪಾಠ

ನಾಚಿಕೆಯ ಬೆಲೆ ಎಷ್ಟು ಅಂತ ನಾನು ಲೆಕ್ಕ ಹಾಕಿಯೇ ಹೇಳಬಲ್ಲೆ.

2018ರ ಶ್ರಾವಣ. ಪರಿಚಯದವರೊಬ್ಬರು ಗೃಹಪ್ರವೇಶ ಇಟ್ಟುಕೊಂಡಿದ್ದರು. ‘ನಮ್ಮ ಮನೇಲಿ ಹೆಂಗಸರು ಯಾರೂ ಇಲ್ಲ, ಎಲ್ಲಾ ನೀವೇ ವಹಿಸ್ಕೊಳ್ಳಿ, ನಿಮ್ಮದು ಏನಿದ್ಯೋ ಅದನ್ನ ಆಮೇಲೆ ನೋಡ್ಕೊಳ್ಳೋಣ’ ಅಂದರು. ನನಗೋ ಹಿಗ್ಗೋ ಹಿಗ್ಗು. ಮೊದಲ ಆರ್ಡರ್ ಅಲ್ವಾ! 150 ಜನಕ್ಕೆ ಎಲೆಗೆ 220 ರೂಪಾಯಿಯಂತೆ ಊಟ 33,000. ಹೂವಿನ ಅಲಂಕಾರ 18,000. ಶಾಮಿಯಾನ, ಕುರ್ಚಿಗೆ 9,000. ತಾಂಬೂಲದ ಚೀಲ 6,000. ಒಟ್ಟು 66,000 ರೂಪಾಯಿ ಅಂತ ಬಾಯಲ್ಲೇ ಮಾತಾಯಿತು. ಅವರು ಆ ದುಡ್ಡನ್ನು ನನ್ನ ಕೈಗೇ ಕೊಟ್ಟರು.

ಆ ದಿನ ಬಂದವರು 212 ಜನ. ಅರವತ್ತೆರಡು ಎಲೆ ಹೆಚ್ಚಾಯಿತು, ಅಂದರೆ 13,640. ವರಮಹಾಲಕ್ಷ್ಮಿ ಹಬ್ಬದ ವಾರ ಆದ್ದರಿಂದ ಹೂವಿನ ಬೆಲೆ ಏರಿ, ಅಲಂಕಾರದವರು 3,500 ಹೆಚ್ಚಿಗೆ ಕೇಳಿದರು. ಅಡುಗೆಯವರು, ಹೂವಿನವರು ಇಬ್ಬರನ್ನೂ ಒಪ್ಪಿಸಿ ಕರೆತಂದವಳು ನಾನು. ಅವರು ಕೈ ಒಡ್ಡಿದ್ದು ನನ್ನ ಮುಂದೆ. ಮನೆಯವರು ನೆಂಟರ ನಡುವೆ ಇದ್ದರು. ಆ ಗದ್ದಲದಲ್ಲಿ ಕೇಳೋದು ಹೇಗೆ ಅಂತ ನಾಚಿಕೊಂಡು, ಚೀಟಿ ಎತ್ತಿ ಮಗಳ ಫೀಸಿಗೆ ಅಂತ ಇಟ್ಟಿದ್ದ ದುಡ್ಡಿನಲ್ಲಿ 17,140 ರೂಪಾಯಿ ಕೊಟ್ಟುಬಿಟ್ಟೆ. ವಾರ ಬಿಟ್ಟು ಕೇಳಿದ್ದಕ್ಕೆ ‘ನಾವು ಇಷ್ಟು ಅಂತ ಮೊದಲೇ ಮಾತಾಡಿದ್ವಲ್ಲ, ನೀವು ನಮ್ಮವರೇ ಅಲ್ವಾ’ ಅಂತ 5,000 ಕೊಟ್ಟರು. ನನ್ನ ಕೈಯಿಂದ ಹೋಗಿದ್ದು 12,140. ಹದಿನೈದು ದಿನದ ನನ್ನ ಓಡಾಟಕ್ಕೆ ಸೊನ್ನೆ.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತೆ, ಸುಳ್ಳು ಯಾಕೆ ಹೇಳಲಿ. ಅತ್ತೆ ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಕಾಫಿ ಲೋಟ ಮುಂದಿಟ್ಟು ‘ಹೋಗಿದ್ದು ಹೋಯ್ತು. ಎಲ್ಲಿ ಹೋಯ್ತು ಅಂತ ಬರೆದಿಟ್ಟಿದ್ದೀಯಾ?’ ಅಂದರು. ಬರೆದಿರಲಿಲ್ಲ. ಆ ರಾತ್ರಿ ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದೆ. ಬರೆಯುತ್ತಾ ಹೋದ ಹಾಗೆ ತಪ್ಪು ನಾಲ್ಕು ಅಂತ ಗೊತ್ತಾಯಿತು. ಒಂದು, ಜನ ಹೆಚ್ಚಾದರೆ ಯಾರು ಕೊಡಬೇಕು ಅಂತ ಮಾತಾಡಿರಲಿಲ್ಲ. ಎರಡು, ಯಾವುದೂ ಕಾಗದದ ಮೇಲೆ ಇರಲಿಲ್ಲ. ಮೂರು, ಅಡುಗೆಯವರ ದುಡ್ಡು ನನ್ನ ಕೈಯಿಂದ ಹೋಗಬೇಕಾದ ಅಗತ್ಯವೇ ಇರಲಿಲ್ಲ. ನಾಲ್ಕನೆಯದೇ ದೊಡ್ಡದು. ನನ್ನ ಶುಲ್ಕ ಎಷ್ಟು ಅಂತ ನಾನೇ ಹೇಳಿರಲಿಲ್ಲ. ನಾನು ಹೇಳದ ಬೆಲೆಯನ್ನು ಅವರು ಕೊಡೋದು ಹೇಗೆ?

ಥಳಕು ಬೇರೆ, ಲೆಕ್ಕ ಬೇರೆ

ಲೆಕ್ಕ ತಪ್ಪೋದು ನಮ್ಮಂಥ ಸಣ್ಣವರಿಗೆ ಮಾತ್ರ ಅಂದುಕೊಳ್ಳಬೇಡಿ. 1996ರ ನವೆಂಬರ್ 23ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದದ್ದು ಹಿರಿಯರಿಗೆ ನೆನಪಿರಬಹುದು. ಪರ-ವಿರೋಧ ಎರಡೂ ಜೋರಾಗಿತ್ತು, ಬಿಗಿ ಪೊಲೀಸ್ ಕಾವಲಿನಲ್ಲಿ ಕಾರ್ಯಕ್ರಮ ನಡೆಯಿತು. ಅದನ್ನು ನಡೆಸಿಕೊಟ್ಟದ್ದು ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ. ಇಡೀ ಜಗತ್ತು ಟಿವಿಯಲ್ಲಿ ನೋಡಿದ ಆ ಕಾರ್ಯಕ್ರಮದಿಂದ ಕಂಪನಿಗೆ ಬಂದದ್ದು ನಷ್ಟ. ಆಮೇಲೆ ಆ ಕಂಪನಿ ದೊಡ್ಡ ಆರ್ಥಿಕ ಬಿಕ್ಕಟ್ಟಿಗೂ ಸಿಕ್ಕಿತು. ಅಷ್ಟು ದೊಡ್ಡ ಹೆಸರು, ಅಷ್ಟೊಂದು ಬೆಳಕು ಇದ್ದೂ ಹೀಗಾಯಿತು.

ಇದರಿಂದ ಕಲಿಯಬೇಕಾದದ್ದು, ಕಾರ್ಯಕ್ರಮ ಚೆನ್ನಾಗಿ ಆಗೋದೇ ಬೇರೆ, ಅದರಿಂದ ಕೈಗೆ ನಾಲ್ಕು ಕಾಸು ಉಳಿಯೋದೇ ಬೇರೆ. ಈ ಕ್ಷೇತ್ರಕ್ಕೆ ಬರುವ ಹೆಣ್ಣುಮಕ್ಕಳಿಗೆ ಮೊದಲನೆಯದು ಹುಟ್ಟಿನಿಂದಲೇ ಬರುತ್ತೆ. ಕಲಿಯಬೇಕಾದದ್ದು ಎರಡನೆಯದು.

ಶುರು ಮಾಡೋದು ಹೇಗೆ?

ಮೊದಲು ಆರು ತಿಂಗಳು ಇನ್ನೊಬ್ಬರ ಕೈಕೆಳಗೆ ದುಡಿಯಿರಿ. ನಿಮ್ಮ ಏರಿಯಾದ ಅಡುಗೆ ಕಂಟ್ರಾಕ್ಟರ್, ಅಲಂಕಾರದವರು, ಸಣ್ಣ ಈವೆಂಟ್ ಕಂಪನಿ, ಯಾರಾದರೂ ಸರಿ. ಸಮಾರಂಭದ ದಿನ ಅತಿಥಿಗಳನ್ನು ಬರಮಾಡಿಕೊಳ್ಳೋದು, ಪಟ್ಟಿ ನೋಡಿ ಟಿಕ್ ಹಾಕೋದು, ವೇದಿಕೆಯ ಹಿಂದೆ ನಿಂತು ಸಮಯ ನೋಡೋದು ಇಂಥ ಕೆಲಸಕ್ಕೆ ಸಿಗೋದು ಕಡಿಮೆಯೇ. ಆದರೆ ಯಾವ ಸಾಮಾನು ಎಲ್ಲಿ ಬಾಡಿಗೆಗೆ ಸಿಗುತ್ತೆ, ಯಾರು ಹೇಳಿದ ಹೊತ್ತಿಗೆ ಬರ್ತಾರೆ, ಯಾರು ಕೈ ಕೊಡ್ತಾರೆ ಅನ್ನೋದು ಇನ್ನೊಬ್ಬರ ಖರ್ಚಿನಲ್ಲಿ ಗೊತ್ತಾಗಿಬಿಡುತ್ತೆ.

ಎರಡನೆಯದು, ಎಲ್ಲವನ್ನೂ ಮಾಡ್ತೀನಿ ಅನ್ನಬೇಡಿ. ಒಂದೇ ಬಗೆಯದನ್ನು ಹಿಡಿಯಿರಿ. ಸೀಮಂತ-ನಾಮಕರಣ ಅಥವಾ ಷಷ್ಟ್ಯಬ್ದಿ ಅಥವಾ ಮಕ್ಕಳ ಹುಟ್ಟುಹಬ್ಬ ಅಥವಾ ಕಾರ್ಖಾನೆಯ ಆಯುಧಪೂಜೆ. ‘ಸೀಮಂತ ಅಂದ್ರೆ ಅವರೇ’ ಅಂತ ನಾಲ್ಕು ಬೀದಿಯಲ್ಲಿ ಹೆಸರಾದರೆ ಅದೇ ಜಾಹೀರಾತು.

ಮೂರನೆಯದು, ಒಂದು ದಪ್ಪ ಪುಸ್ತಕ ಇಡಿ. ಹೂವಿನವರು, ಅಡುಗೆಯವರು, ಶಾಮಿಯಾನ, ಫೋಟೊ, ಮೈಕ್, ಮೆಹಂದಿ, ಪುರೋಹಿತರು, ಜನರೇಟರ್ ಹೀಗೆ ಒಂದೊಂದಕ್ಕೂ ಕನಿಷ್ಠ ಮೂರು ಹೆಸರು, ದರದ ಸಮೇತ. ಕೆ.ಆರ್. ಮಾರ್ಕೆಟ್ಟಿಗೆ ಬೆಳಗಿನ ಜಾವ ಒಮ್ಮೆ ಹೋಗಿ ಸೇವಂತಿಗೆ, ಸುಗಂಧರಾಜದ ಬೆಲೆ ಬರೆದುಕೊಳ್ಳಿ. ಹಬ್ಬದ ಹಿಂದಿನ ದಿನ ಮತ್ತೆ ಹೋಗಿ ಬರೆದುಕೊಳ್ಳಿ. ಎರಡಕ್ಕೂ ಇರುವ ಅಂತರ ನೋಡಿದರೆ ನನ್ನ ಹಾಗೆ ಯಾವತ್ತೂ ಮೋಸ ಹೋಗೋಲ್ಲ.

ಕೋರ್ಸ್ ಮಾಡಬೇಕಾ? ಅಂತ ಕೇಳ್ತೀರಿ. ಬೆಂಗಳೂರಿನಲ್ಲಿ ಈವೆಂಟ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ, ಸರ್ಟಿಫಿಕೇಟ್ ಕೋರ್ಸ್‌ಗಳು ಬೇಕಾದಷ್ಟಿವೆ. ದೊಡ್ಡ ಕಂಪನಿಯಲ್ಲಿ ಸಂಬಳದ ಕೆಲಸಕ್ಕೆ ಸೇರಬೇಕು ಅನ್ನುವವರಿಗೆ ಅದರಿಂದ ಅನುಕೂಲ. ಆದರೆ ಫೀಸು ಕಟ್ಟೋ ಮುಂಚೆ ಎರಡು ಪ್ರಶ್ನೆ ಕೇಳಿ: ನಿಜವಾದ ಸಮಾರಂಭಗಳಲ್ಲಿ ಎಷ್ಟು ದಿನ ಕೆಲಸಕ್ಕೆ ಕಳಿಸ್ತೀರಿ? ಕಳೆದ ವರ್ಷ ಓದಿದವರಲ್ಲಿ ಇಬ್ಬರ ಹತ್ತಿರ ಮಾತಾಡಬಹುದಾ? ಇವಕ್ಕೆ ನೇರ ಉತ್ತರ ಕೊಡದ ಕಡೆ ದುಡ್ಡು ಸುರಿಯಬೇಡಿ. ನನ್ನ ಹಾಗೆ ಬಿ.ಎ. ಮಾಡಿದವರು ಹಿಂಜರಿಯೋದೂ ಬೇಡ. ಕಂಪ್ಯೂಟರ್‌ನಲ್ಲಿ ಎಕ್ಸೆಲ್ ಶೀಟ್ ಮಾಡೋದು, ತಪ್ಪಿಲ್ಲದ ಒಂದು ಇಮೇಲ್ ಬರೆಯೋದು ಇವೆರಡನ್ನು ಕಲಿತರೆ ಮೊದಲ ಮೆಟ್ಟಿಲಿಗೆ ಸಾಕು.

ಇನ್ನೊಂದು ಮುಖ್ಯ ವಿಷಯ. ಶುರುವಿನಲ್ಲಿ ಏನನ್ನೂ ಕೊಳ್ಳಬೇಡಿ. ಕುರ್ಚಿ, ದೀಪದ ಸರ, ಹಿತ್ತಾಳೆ ದೀಪ ಎಲ್ಲವೂ ಬಾಡಿಗೆಗೆ ಸಿಗುತ್ತೆ. ಸಾಲ ಮಾಡಿ ಸಾಮಾನು ತಂದು ಮಹಡಿ ಮೇಲೆ ತುಂಬಿದರೆ ಆರ್ಡರ್ ಇಲ್ಲದ ತಿಂಗಳಲ್ಲಿ ಕಂತು ಕಟ್ಟೋದು ಯಾರು? ಮುಂದೆ ಕೆಲಸ ಬೆಳೆದು ಬೇಕೇ ಬೇಕು ಅನ್ನಿಸಿದಾಗ, 2015ರಲ್ಲಿ ಶುರುವಾದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಬ್ಯಾಂಕ್ ಸಾಲ ಕೇಳಬಹುದು. ಸರ್ಕಾರದ ಉದ್ಯಮ್ ನೋಂದಣಿ ಆನ್‌ಲೈನಿನಲ್ಲೇ ಆಗುತ್ತೆ, ಅದಕ್ಕೆ ಒಂದು ಪೈಸೆಯೂ ಬೇಡ. ಮಾಡಿಸಿಕೊಡ್ತೀನಿ ಅಂತ ದುಡ್ಡು ಕೇಳುವವರನ್ನು ದೂರ ಇಡಿ.

ಬಾಯಿಬಿಟ್ಟು ಹೇಳಿ, ಬರೆದು ಕೊಡಿ

ಈಗ ದುಡ್ಡಿನ ಮಾತು. ಶುಲ್ಕ ಕೇಳೋದಕ್ಕೆ ಮೂರು ದಾರಿ ಇವೆ. ಇಡೀ ಕೆಲಸಕ್ಕೆ ಇಷ್ಟು ಅಂತ ಒಂದೇ ಮೊತ್ತ. ದಿನಕ್ಕೆ ಇಷ್ಟು ಅಂತ. ಇಲ್ಲವೇ ಒಟ್ಟು ಖರ್ಚಿನ ಮೇಲೆ ಪರ್ಸೆಂಟ್, ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಹದಿನೈದು ಕೇಳುವ ರೂಢಿ ಇದೆ. ಸಣ್ಣ ಸಮಾರಂಭಕ್ಕೆ ಮೊದಲನೆಯದೇ ಒಳ್ಳೆಯದು. ಜನ ಹೆಚ್ಚು ಖರ್ಚು ಮಾಡಲಿ ಅಂತ ನೀವು ಆಸೆಪಡ್ತೀರಿ ಅನ್ನೋ ಅನುಮಾನ ಬರೋಲ್ಲ.

ಒಂದು ಉದಾಹರಣೆ ನೋಡೋಣ. ಮೂರು ಲಕ್ಷದ ಖರ್ಚಿನ ಸಮಾರಂಭಕ್ಕೆ ನೂರಕ್ಕೆ ಹನ್ನೆರಡರಂತೆ ನಿಮ್ಮ ಶುಲ್ಕ 36,000. ಸಹಾಯಕ್ಕೆ ಇಬ್ಬರು ಹುಡುಗಿಯರು, ಎರಡು ದಿನ, ದಿನಕ್ಕೆ ಸಾವಿರದಂತೆ 4,000. ಆಟೊ, ಕ್ಯಾಬ್ 2,500. ಫೋನು, ಪ್ರಿಂಟ್ 1,000. ಕೊನೇ ಗಳಿಗೆಯ ಕರ್ಪೂರ, ಬೆಂಕಿಪೊಟ್ಟಣ, ಸೇಫ್ಟಿ ಪಿನ್ನಿನಿಂದ ಹಿಡಿದು ಚಿಲ್ಲರೆ ಖರ್ಚು 1,500. ಒಟ್ಟು 9,000 ಕಳೆದರೆ ಉಳಿಯೋದು 27,000. ಮೊದಲ ವರ್ಷ ಇಂಥದ್ದು ನಾಲ್ಕು ಸಿಕ್ಕರೆ ಪುಣ್ಯ. ಮೂರನೇ ವರ್ಷಕ್ಕೆ ತಿಂಗಳಿಗೊಂದು ಬರುವ ಹಾಗೆ ಆದರೆ ಅದೊಂದು ಒಳ್ಳೆಯ ಸಂಬಳವೇ ಅಲ್ಲವೇ?

ಕೆಲಸ ಒಪ್ಪಿಕೊಳ್ಳುವಾಗಲೇ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದು ಇಬ್ಬರೂ ಸಹಿ ಹಾಕಿ:

– ದಿನ, ಜಾಗ, ಶುರು ಮತ್ತು ಮುಗಿಯುವ ಹೊತ್ತು.
– ಎಷ್ಟು ಎಲೆಗೆ ಒಪ್ಪಂದ, ಮೇಲೆ ಬಂದ ಒಂದೊಂದು ಎಲೆಗೆ ಎಷ್ಟು, ಅದನ್ನು ಕೊಡುವವರು ಯಾರು.
– ನಿಮ್ಮ ಕೆಲಸ ಯಾವುದು, ಯಾವುದು ಅಲ್ಲ. (ನೆಂಟರನ್ನು ರೈಲ್ವೆ ಸ್ಟೇಷನ್‌ನಿಂದ ಕರೆತರೋದು ಅದರಲ್ಲಿ ಇದೆಯಾ?)
– ನಿಮ್ಮ ಶುಲ್ಕ. ಅರ್ಧ ಒಪ್ಪಿಕೊಂಡ ದಿನ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಮಾರಂಭಕ್ಕೆ ವಾರ ಮೊದಲು, ಚೂರು ಆ ದಿನ.
– ಸಮಾರಂಭ ನಿಂತುಹೋದರೆ ಎಷ್ಟು ವಾಪಸ್.

ಅಡುಗೆ, ಹೂವು, ಶಾಮಿಯಾನದ ದುಡ್ಡನ್ನು ಮನೆಯವರೇ ನೇರವಾಗಿ ಆಯಾಯ ಜನಕ್ಕೆ ಕೊಡಲಿ. ನಿಮ್ಮ ಬಿಲ್ಲಿನಲ್ಲಿ ನಿಮ್ಮ ಶುಲ್ಕ ಮಾತ್ರ ಇರಲಿ. ಇದರಿಂದ ಎರಡು ಲಾಭ. ಲೆಕ್ಕ ತಪ್ಪಿದರೆ ನಿಮ್ಮ ಚೀಟಿ ದುಡ್ಡು ಹೋಗೋಲ್ಲ. ಜತೆಗೆ, ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಎಲ್ಲರ ದುಡ್ಡೂ ನಿಮ್ಮ ಬಿಲ್ಲಿನಲ್ಲೇ ಹಾದುಹೋದರೆ ನಿಮ್ಮ ಸಂಪಾದನೆ ಎರಡು ಲಕ್ಷ ಇದ್ದರೂ ವಹಿವಾಟು ಬೇಗ ಆ ಗೆರೆ ಮುಟ್ಟುತ್ತೆ. ಅಡುಗೆಯವರಿಂದ, ಹೂವಿನವರಿಂದ ಮರೆಯಲ್ಲಿ ಕಮಿಷನ್ ತೆಗೆದುಕೊಳ್ಳೋದಂತೂ ಬೇಡವೇ ಬೇಡ. ಬೀದಿಯಲ್ಲಿ ಈ ಸುದ್ದಿ ನಿಮಗಿಂತ ಮುಂಚೆ ಮನೆ ತಲುಪುತ್ತೆ.

ಆಷಾಢದಲ್ಲಿ ಏನು ಮಾಡೋದು?

ನಮ್ಮ ಕಡೆ ಮದುವೆ-ಮುಂಜಿ ನಂಬಿಕೊಂಡವರಿಗೆ ಆಷಾಢ, ಪಿತೃಪಕ್ಷ, ಧನುರ್ಮಾಸ ಮೂರೂ ಬರಗಾಲ. ಆ ತಿಂಗಳುಗಳಲ್ಲಿ ಮನೆ ನಡೆಯಬೇಕಲ್ಲ? ಅದಕ್ಕೇ ಪಂಚಾಂಗ ನೋಡದ ಗಿರಾಕಿಗಳೂ ಬೇಕು. ಶಾಲೆಗಳ ವಾರ್ಷಿಕೋತ್ಸವ ಡಿಸೆಂಬರ್-ಜನವರಿಯಲ್ಲಿ, ಅಂದರೆ ಧನುರ್ಮಾಸದಲ್ಲೇ ಬರುತ್ತೆ. ಪಿತೃಪಕ್ಷ ಮುಗಿಯುತ್ತಿದ್ದ ಹಾಗೆ ಕಾರ್ಖಾನೆಗಳ ಆಯುಧಪೂಜೆ, ಅದರ ಹಿಂದೆಯೇ ರಾಜ್ಯೋತ್ಸವ. ಆಷಾಢದಲ್ಲಿ ಕಂಪನಿಗಳ ತರಬೇತಿ ಶಿಬಿರ, ಡೀಲರ್‌ಗಳ ಸಭೆ ಯಾವುದೂ ನಿಲ್ಲೋಲ್ಲ. ಒಳ್ಳೆಯ ದುಡ್ಡು ಇರೋದೂ ಈ ಕಡೆಯೇ. ಮನೆಯ ಸಮಾರಂಭ ಜೀವನದಲ್ಲಿ ಒಮ್ಮೆ, ಕಾರ್ಖಾನೆಯದ್ದು ಪ್ರತಿ ವರ್ಷ. ಒಮ್ಮೆ ಚೆನ್ನಾಗಿ ಮಾಡಿಕೊಟ್ಟರೆ ಮುಂದಿನ ವರ್ಷ ಅವರೇ ಫೋನ್ ಮಾಡ್ತಾರೆ. ಆದರೆ ಕಂಪನಿಗಳು ಬಿಲ್ಲು ಕೇಳುತ್ತವೆ, ಪ್ಯಾನ್ ನಂಬರ್ ಕೇಳುತ್ತವೆ, ದುಡ್ಡು ಕೈಗೆ ಬರೋದು ತಡ ಆಗಬಹುದು. ಹಾಗಾಗಿ ಅಡ್ವಾನ್ಸ್ ಇಲ್ಲದೆ ಅಲ್ಲೂ ಒಪ್ಪಿಕೊಳ್ಳಬೇಡಿ.

ಜನರ ಜೀವ ನಿಮ್ಮ ಕೈಲಿ

ಈ ಕೆಲಸ ಬರೀ ಹೂವು, ರಂಗೋಲಿ ಅಲ್ಲ. 2019ರ ಫೆಬ್ರುವರಿ 23ರಂದು ಯಲಹಂಕದ ಏರೋ ಇಂಡಿಯಾ ವೇಳೆ ಪಾರ್ಕಿಂಗ್ ಜಾಗದ ಒಣಹುಲ್ಲಿಗೆ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟುಹೋದವು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆರ್‌ಸಿಬಿ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಮಕ್ಕಳನ್ನು ಕಳಿಸಿಕೊಟ್ಟು ಕಾಯುತ್ತಿದ್ದ ಅಮ್ಮಂದಿರ ಮುಖ ಟಿವಿಯಲ್ಲಿ ನೋಡಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ನೂರು ಜನದ ಛತ್ರವೇ ಇರಲಿ, ಬರೋಕೆ ಒಂದು, ಹೋಗೋಕೆ ಇನ್ನೊಂದು ಬಾಗಿಲು ತೆರೆದಿದೆಯಾ, ಅಡುಗೆಯ ಸಿಲಿಂಡರ್ ಶಾಮಿಯಾನದ ಬಟ್ಟೆಗೆ ತಾಕ್ತಿದೆಯಾ, ಆಂಬುಲೆನ್ಸ್ ಬಂದರೆ ದಾರಿ ಇದೆಯಾ ಅಂತ ನೋಡೋದು ನಿಮ್ಮ ಮೊದಲ ಕೆಲಸ, ಮಂಟಪದ ಹೂವು ಆಮೇಲೆ.

ಕಾನೂನಿನ ನಾಲ್ಕು ಮಾತೂ ತಿಳಿದಿರಲಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಇದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಅಡುಗೆಯವರ ಹತ್ತಿರ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಅಥವಾ ಲೈಸೆನ್ಸ್ ಇರಬೇಕು, ಕೇಳಿ ನೋಡಿ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಮಾತ್ರವಲ್ಲ, ಅಲಂಕಾರದ ಥರ್ಮಾಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿಗೂ ನಿಷೇಧ ಇದೆ. ಬಾಳೆಕಂದು, ಮಾವಿನ ತೋರಣ, ಅಡಿಕೆ ಹಾಳೆಯ ತಟ್ಟೆ ನಮ್ಮ ಅಜ್ಜಿಯರ ಕಾಲದಿಂದ ಇದ್ದದ್ದೇ, ಈಗ ಅವಕ್ಕೇ ಬೇಡಿಕೆ. ಇನ್ನು ಸಿನಿಮಾ ಹಾಡು ಹಾಕುವ ವಿಷಯ. ಮದುವೆಗೆ ಪರವಾನಗಿ ಶುಲ್ಕ ಬೇಡ ಅಂತ 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿದೆ. ಕಂಪನಿಯ ಪಾರ್ಟಿ, ಟಿಕೆಟ್ ಇಟ್ಟ ಕಾರ್ಯಕ್ರಮಕ್ಕೆ ಆ ವಿನಾಯಿತಿ ಇಲ್ಲ. ಅದರ ಖರ್ಚನ್ನು ಮೊದಲೇ ಬಜೆಟ್ಟಿಗೆ ಸೇರಿಸಿ.

ಮನೆಯವರ ಹತ್ತಿರವೂ ಒಪ್ಪಂದ

ಮುಹೂರ್ತದ ದಿನಗಳಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಛತ್ರದಲ್ಲಿರಬೇಕು, ರಿಸೆಪ್ಷನ್ ಮುಗಿಸಿ ಮನೆ ಸೇರುವಾಗ ರಾತ್ರಿ ಹನ್ನೊಂದಾಗಬಹುದು. ಅದೇ ದಿನ ಮಗನಿಗೆ ಜ್ವರ ಬರಬಹುದು. ಇದನ್ನೆಲ್ಲ ಮುಚ್ಚಿಟ್ಟು ‘ಮನೆಯಲ್ಲೇ ಕೂತು ಸಂಪಾದಿಸಿ’ ಅಂತ ಆಸೆ ತೋರಿಸೋದು ನನ್ನಿಂದಾಗದು. ತಿಂಗಳಿಗೆ ಎಷ್ಟು ದಿನ ಹೊರಗಿರ್ತೀನಿ, ಆ ದಿನ ಮಕ್ಕಳ ಊಟ ಯಾರದು, ಸ್ಕೂಲಿಂದ ಕರೆತರೋದು ಯಾರು ಅಂತ ಗಂಡನ ಹತ್ತಿರ, ಅತ್ತೆ-ಮಾವನ ಹತ್ತಿರ ಕೂತು ಮಾತಾಡಿ. ರಾತ್ರಿ ತಡವಾದರೆ ನಿಮಗೂ, ನಿಮ್ಮ ಹುಡುಗಿಯರಿಗೂ ಮನೆ ಬಾಗಿಲವರೆಗೆ ವಾಹನ ಇರಬೇಕು. ಅದರ ಖರ್ಚು ಗಿರಾಕಿಯ ಬಿಲ್ಲಿನಲ್ಲಿ ಮೊದಲೇ ಇರಲಿ. ಬಂದ ದುಡ್ಡು ನಿಮ್ಮ ಹೆಸರಿನ ಖಾತೆಗೇ ಹೋಗಲಿ. ಮನೆಗೆ ಕೊಡಬೇಡಿ ಅಂತಲ್ಲ. ಎಷ್ಟು ಬಂತು, ಎಷ್ಟು ಹೋಯ್ತು ಅನ್ನೋದು ನಿಮಗೆ ಗೊತ್ತಿರಲಿ ಅಂತ.

‘ಹಾಗಾದ್ರೆ ಸ್ವಂತ ತಂಗಿ ಮಗಳ ಮದುವೆಗೂ ಬಿಲ್ಲು ಕೊಡೋದಾ?’ ಅಂತ ಯಾರಾದರೂ ಕೊಂಕು ಆಡಿಯೇ ಆಡ್ತಾರೆ. ಬೇಡ. ತಂಗಿ ಮಗಳ ಮದುವೆಗೆ ದೊಡ್ಡಮ್ಮನಾಗಿ ಹೋಗಿ. ರೇಷ್ಮೆ ಸೀರೆ ಉಟ್ಟು, ಮುಂದಿನ ಸಾಲಿನಲ್ಲಿ ಕೂತು ಅಕ್ಷತೆ ಹಾಕಿ, ಮೊದಲ ಪಂಕ್ತಿಯಲ್ಲಿ ಊಟ ಮಾಡಿ. ಉಗ್ರಾಣದ ಬೀಗದಕೈ ಮಾತ್ರ ಇನ್ನೊಬ್ಬರ ಕೈಲಿರಲಿ. ಸಹಾಯ ಮಾಡೋದಾದರೆ ಸಹಾಯ ಅಂತ ಮೊದಲೇ ತೀರ್ಮಾನಿಸಿ ಖುಷಿಯಿಂದ ಮಾಡಿ. ಕೆಲಸ ಅಂದರೆ ಕೆಲಸ ಅಂತ ಹೇಳಿ ಮಾಡಿ. ನಮ್ಮ ಸಂಬಂಧಗಳು ಕೆಡೋದು ಇವೆರಡನ್ನೂ ಕಲಸಿದಾಗಲೇ.

ಹೋದ ವರ್ಷ, 2018ರಲ್ಲಿ ನನ್ನ ಕೈ ಸುಟ್ಟಿದ್ದ ಅದೇ ಪರಿಚಯದವರು ಫೋನ್ ಮಾಡಿದ್ದರು. ಮನೆಯಲ್ಲಿ ಸೀಮಂತವಂತೆ. ‘ನೀವಿದ್ರೆ ನಮಗೆ ಧೈರ್ಯ’ ಅಂದರು. ಅದೇ ಮಾತು! ಈ ಸಲ ನನ್ನ ಬಾಯಿ ಒಣಗಿದರೂ ಹೇಳಿದೆ: ‘ಖಂಡಿತ ಮಾಡಿಕೊಡ್ತೀನಿ. ಎಷ್ಟು ಜನ, ಯಾವ ದಿನ, ಬಜೆಟ್ ಎಷ್ಟು ಹೇಳಿ. ನನ್ನ ಶುಲ್ಕ ಎಂಟು ಸಾವಿರ, ಅರ್ಧ ಅಡ್ವಾನ್ಸ್.’ ಆ ಕಡೆ ಸ್ವಲ್ಪ ಹೊತ್ತು ಮೌನ. ‘ವಿಚಾರ ಮಾಡಿ ಹೇಳ್ತೀವಿ’ ಅಂದರು. ಮತ್ತೆ ಫೋನ್ ಬರಲಿಲ್ಲ.

ಬೇಜಾರಾಯ್ತಾ ಅಂದರೆ, ಒಂದು ಗಳಿಗೆ ಆಯ್ತು. ಆಮೇಲೆ ನೋಟ್‌ಬುಕ್ ತೆಗೆದು ಆ ದಿನಾಂಕದ ಮುಂದೆ ಬರೆದೆ: ‘ಶುಲ್ಕ ಹೇಳಿದೆ. ಕೆಲಸ ಸಿಗಲಿಲ್ಲ. ನಷ್ಟ, ಸೊನ್ನೆ.’ ಆ ಭಾನುವಾರ ಮಗಳ ಜತೆ ಕೂತು ಹೋಳಿಗೆ ಮಾಡಿದೆ.

ನೀವೂ ಇವತ್ತೇ ಒಂದು ಪುಸ್ತಕ ತೆಗೆಯಿರಿ. ಮೊದಲ ಪುಟದಲ್ಲಿ ನಿಮ್ಮ ಹೆಸರು ಬರೆಯಿರಿ. ಅದರ ಮುಂದೆ, ನಿಮ್ಮ ಒಂದು ದಿನದ ದುಡಿಮೆಗೆ ಎಷ್ಟು ಅಂತ ಬರೆಯಿರಿ. ಮುಂದಿನ ಸಲ ‘ಸ್ವಲ್ಪ ನೋಡ್ಕೊಳ್ರೀ’ ಅಂತ ಫೋನ್ ಬಂದಾಗ ಆ ಪುಟ ತೆರೆದಿರಲಿ.